ದಾನವ್ವನ ಸಿಂದಿಯಲ್ಲಿ ನೀರಿಲ್ಲ

ಮೊದಲೇ ಹೇಳಿಬಿಡುತ್ತೇನೆ, ನಾನು ಕುಡಿಯುತ್ತಿದ್ದೆ. ವಾರಕ್ಕೊಮ್ಮೆ, ಶನಿವಾರದ ಅರ್ಧ ದಿನದ ಡ್ಯೂಟಿ ಮುಗಿದ ಮೇಲೆ, ಹಾಡೇ ಹಗಲು, ಕಾಂದಿವಲಿಯ ಗುಡ್ಡ ಹತ್ತಿ ಹೋಗಿ ಕುಡಿಯುತ್ತಿದ್ದೆ. ಮೂಗು ಮುರಿಯುವವರು ಇಲ್ಲಿಗೇ ಓದುವುದನ್ನು ನಿಲ್ಲಿಸಬಹುದು, ನನಗೇನೂ ಬೇಸರವಿಲ್ಲ. ನಾನು ಬರೆಯಹೊರಟದ್ದು ನನ್ನ ಬಗ್ಗೆ ಅಲ್ಲ, ದಾನವ್ವನ ಬಗ್ಗೆ. ಆಕೆಯ ಬಗ್ಗೆ ಯಾವ ಪೇಪರಿನವರೂ ಬರೆಯಲಿಲ್ಲ. ಕನ್ನಡ ಸಂಘದವರು ಕರೆದು ಶಾಲು ಹೊದಿಸುವುದಂತೂ ದೂರದ ಮಾತು.

ಅರವತ್ತೆಂಟರಲ್ಲಿ ನಾನು ಕಾಂದಿವಲಿಯ ಒಂದು ಫ್ಯಾಕ್ಟರಿಯಲ್ಲಿ ಕಾರಕೂನನಾಗಿದ್ದೆ. ಮನೆ ಆಂಟಾಪ್ ಹಿಲ್‌ನಲ್ಲಿ. ಬೆಳಗ್ಗೆ ದಾದರಿಗೆ ಬಂದು ಲೋಕಲ್ ಹಿಡಿದರೆ ಸಂಜೆ ಹಾಗೇ ವಾಪಸು. ಫ್ಯಾಕ್ಟರಿಯ ಹಿಂದೆ ಒಂದು ಗುಡ್ಡ. ಅದರ ಒಂದು ಮಗ್ಗುಲನ್ನು ಕಲ್ಲಿನ ಖಾಣಿಯವರು ಕಡಿದು ಬೋಳು ಮಾಡಿದ್ದರು. ಇನ್ನೊಂದು ಮಗ್ಗುಲಲ್ಲಿ ಈಚಲು ಮರಗಳಿದ್ದವು, ನಮ್ಮ ಕಡೆ ಸಿಂದಿ ಗಿಡ ಅನ್ನುತ್ತೇವೆ. ಖಾಣಿಯಲ್ಲಿ ಕಲ್ಲು ಒಡೆಯುವವರೆಲ್ಲ ನಮ್ಮ ಇಂಡಿ, ಸಿಂದಗಿ ಕಡೆಯ ಮಂದಿ. ನಮ್ಮ ಪ್ಯಾಕಿಂಗ್ ಖಾತೆಯ ಖಂಡಪ್ಪ ಒಂದು ಶನಿವಾರ ನನ್ನ ಮೇಜಿನ ಹತ್ತಿರ ಬಂದು ಪಿಸುಗುಟ್ಟಿದ: "ಸರ, ಊರ ನೆನಪಾದ್ರ ಒಂದ ಸಲ ದಾನವ್ವನ ಹೋಟೆಲಿಗೆ ಬರ್ರಿ. ರೊಟ್ಟಿ ಸಿಗತೈತಿ, ಪುಂಡಿಪಲ್ಯ ಸಿಗತೈತಿ. ಮತ್ತ... ಸಿಗತೈತಿ."

ಹೋಟೆಲ್ ಅಂದರೆ ನಾಲ್ಕು ಬಿದಿರು, ಮೇಲೆ ತಗಡು, ಪಕ್ಕಕ್ಕೆ ಗೋಣಿತಟ್ಟು. ಕೂರಲು ಖಾಣಿಯಿಂದಲೇ ತಂದ ಎರಡು ಉದ್ದನೆಯ ಕಲ್ಲು. ಬೋರ್ಡಿಲ್ಲ, ಹೆಸರಿಲ್ಲ. ಒಳಗೆ ಒದ್ದೆ ಗೋಣಿಚೀಲದ ಕೆಳಗೆ ಸಾಲಾಗಿ ಸಿಂದಿಯ, ಅಂದರೆ ಈಚಲು ಹೆಂಡದ, ಮಣ್ಣಿನ ಗಡಿಗೆಗಳು. ಗಿರಾಕಿಗಳು ಗಿಡದ ಹೆಸರು ಹಿಡಿದು ಕೇಳುತ್ತಿದ್ದರು. "ಬಾವಿ ಗಿಡದ್ದು ಐತೇನಬೇ?" "ನನಗ ಖಾಣಿ ದಂಡಿದ ಹಾಕು." ಬಾವಿಯ ಹತ್ತಿರದ ಗಿಡದ್ದು ಸಿಹಿ, ಹಗುರ. ಖಾಣಿ ದಂಡೆಯದು ಒಗರು, ಸೀದಾ ಮೂಗಿಗೆ ಏರುವಂಥದ್ದು. ಜೋಡಿ ಗಿಡದ್ದು ಮಧ್ಯಾಹ್ನದ ಹೊತ್ತಿಗೆ ಹದಕ್ಕೆ ಬರುತ್ತಿತ್ತು, ಮೇಲೆ ಬೆರಳು ದಪ್ಪ ನೊರೆ. ಇದೆಲ್ಲ ಬರೀ ಬಡಾಯಿ ಎಂದು ನಾನು ಮೊದಲ ದಿನ ನಕ್ಕಿದ್ದೆ. ಮೂರನೇ ಶನಿವಾರದ ಹೊತ್ತಿಗೆ ಕಣ್ಣು ಮುಚ್ಚಿ ಯಾವ ಗಿಡದ್ದು ಎಂದು ಹೇಳುತ್ತಿದ್ದೆ.

ಆಗ ಮುಂಬೈಯಲ್ಲಿ ಕುಡಿಯಬೇಕಾದರೆ ಸರಕಾರದ ಪರ್ಮಿಟ್ ಬೇಕಿತ್ತು. ಈ ಮನುಷ್ಯನ ಆರೋಗ್ಯಕ್ಕೆ ದಾರು ಬೇಕು ಎಂದು ಡಾಕ್ಟರು ಬರೆದುಕೊಡಬೇಕಿತ್ತು. ದೊಡ್ಡ ಹೋಟೆಲುಗಳ ಪರ್ಮಿಟ್ ರೂಮುಗಳಲ್ಲಿ ಸಾಹೇಬರು ರೋಗಿಗಳೆನಿಸಿಕೊಂಡು ಬಿಯರು ಕುಡಿಯುತ್ತಿದ್ದರು. ಗುಡ್ಡದ ಮೇಲೆ ದಿನವಿಡೀ ಕಲ್ಲು ಒಡೆಯುವವರು ಗಟ್ಟಿಮುಟ್ಟಾಗಿದ್ದರು, ಅದಕ್ಕೇ ಕಳ್ಳರೆನಿಸಿಕೊಂಡಿದ್ದರು. ನ್ಯಾಯ ಅಂದರೆ ಇದು!

ದಾನವ್ವನಿಗೆ ಆಗ ನಲವತ್ತರ ಹತ್ತಿರ. ಅಗಲ ಭುಜ, ಮುಂದಿನ ಒಂದು ಹಲ್ಲು ಅರ್ಧ ಮುರಿದಿತ್ತು, ದನಿ ಖಾಣಿಯ ತಳಕ್ಕೂ ಕೇಳುವಂಥದ್ದು. ಗಂಡ ಇದ್ದನೋ ಇಲ್ಲವೋ, ನಾನು ಕೇಳಲಿಲ್ಲ, ಆಕೆ ಹೇಳಲಿಲ್ಲ. ಕುಡಿದು ಗಲಾಟೆ ಮಾಡಿದವನನ್ನು ರಟ್ಟೆ ಹಿಡಿದು ಹೊರಗೆ ಹಾಕುತ್ತಿದ್ದಳು. ಹಸಿದು ಬಂದವನಿಗೆ ಮೊದಲು ರೊಟ್ಟಿ, ಆಮೇಲೆ ಸಿಂದಿ. "ಖಾಲಿ ಹೊಟ್ಟಿಗೆ ಹಾಕೂದಿಲ್ಲ, ನನ್ನ ಸಿಂದಿಗೆ ಕೆಟ್ಟ ಹೆಸರ ಬರತೈತಿ" ಅನ್ನುತ್ತಿದ್ದಳು.

ಒಂದು ವಿಚಿತ್ರ ನಡವಳಿಕೆ ಇತ್ತು ಆಕೆಗೆ. ನನ್ನ ಕೈಗೆ ಗ್ಲಾಸು ಕೊಟ್ಟು, ಸೊಂಟದ ಮೇಲೆ ಎರಡೂ ಕೈ ಇಟ್ಟು, ನಾನು ತಳ ಕಾಣಿಸುವವರೆಗೂ ಎದುರೇ ನಿಲ್ಲುತ್ತಿದ್ದಳು. ಆಮೇಲೆ ಕೇಳುತ್ತಿದ್ದಳು: "ನೀರೈತೇನ್ರೀ?"

"ಇಲ್ಲವ್ವ."

ಅಷ್ಟು ಕೇಳಿಸಿಕೊಂಡು ಹೋಗುತ್ತಿದ್ದಳು. ಪ್ರತಿ ಶನಿವಾರವೂ ಇದೇ. ಓದುಬರಹ ಬಲ್ಲವರ ಬಾಯಿಂದ ಸರ್ಟಿಫಿಕೇಟು ಬೇಕೇನೋ ಈಕೆಗೆ ಎಂದುಕೊಂಡಿದ್ದೆ.

ಆ ವರ್ಷ ಚಳಿಗಾಲದ ಒಂದು ಮಧ್ಯಾಹ್ನ ಗಿರಾಕಿಗಳು ಕಡಿಮೆ ಇದ್ದರು. ನಾನು ತಮಾಷೆಗೆ ಕೇಳಿದೆ, "ಅಲ್ಲ ದಾನವ್ವ, ಇಷ್ಟೊಂದು ಬೇಡಿಕೆ ಐತಿ. ಒಂದೊಂದು ಗಡಿಗಿಗೆ ಎರಡ ತಂಬಿಗಿ ನೀರ ಹಾಕಿದ್ರ ಯಾರಿಗೆ ತಿಳಿತೈತಿ?"

ನಾನು ಆ ಮಾತು ಆಡಬಾರದಿತ್ತು. ಕೈಯಲ್ಲಿದ್ದ ಸೌಟನ್ನು ಪಕ್ಕಕ್ಕಿಟ್ಟು ನನ್ನ ಎದುರಿನ ಕಲ್ಲಿನ ಮೇಲೆ ಕೂತಳು.

"ಮುಂಬೈಗೆ ಬಂದ ಹೊಸದಾಗ ನಾ ಧಾರಾವಿ ಕಡೆ ಒಂದ ತಬೇಲಾದಾಗ ಇದ್ದೆ. ಎಮ್ಮಿ ಸಗಣಿ ಬಳೀತಿದ್ದೆ, ಮುಂಜಾನೆ ಹಾಲ ಹೊತ್ತು ಆಂಟಾಪ್ ಹಿಲ್‌ನ ಬಿಲ್ಡಿಂಗಿಗೆ ಕೊಡತಿದ್ದೆ. ಹಾಲಿಗೆ ನೀರ ಹಾಕತಿದ್ದಾಂವ ಮಾಲಕ. ಬೈಸಿಕೊಳ್ಳಾಕಿ ನಾ. ಒಂದ ದಿನ ಮೂರನೇ ಬಿಲ್ಡಿಂಗಿನ ಒಬ್ಬಾಕಿ ಬಾಯಿ, ಎಲ್ಲಾ ಹೆಂಗಸರ ಮುಂದ, ನಾ ಕೊಟ್ಟ ಹಾಲ ಮೆಟ್ಟಲ ಮ್ಯಾಲೆ ಸುರುವಿ, 'ಇದು ಹಾಲಲ್ಲ, ನೀರು. ನೀ ದಾನವ್ವ ಅಲ್ಲ, ನೀರವ್ವ' ಅಂದ್ಲು. ಮರುದಿನದಿಂದ ಹುಡುಗ್ರೆಲ್ಲಾ ನೀರವ್ವ ಬಂದ್ಲು, ನೀರವ್ವ ಬಂದ್ಲು ಅಂತ ಕುಣಿಯಾಕ ಹತ್ತಿದ್ವು. ತಬೇಲಾದಾಗೂ ಅದ ಹೆಸರು. ಮಾಲಕನೂ ನಕ್ಕ! ನೀರ ಹಾಕಿದಾಂವನ ನಕ್ಕ! ಆವತ್ತ ಬಿಟ್ಟ ಬಂದೆ. ಕಲ್ಲ ಒಡದೆ. ಈ ಗುಡ್ಡದ ಮ್ಯಾಲೆ ನನ್ನ ಹೆಸರ ತಿರುಗಿ ದಾನವ್ವ ಆಗಬೇಕಾದ್ರ ನಾಕ ವರ್ಷ ಹಿಡೀತು. ನೀರ ಹಾಕಂತೀರಿ ನನಗ?"

ಮೂರನೇ ಬಿಲ್ಡಿಂಗ್ ನಮ್ಮದು. ಹಾಲು ಸುರುವಿದ ಆ ಹೆಂಗಸು ನನ್ನ ಹೆಂಡತಿ ಶೀಲಾವತಿ. ಆವತ್ತು ರಾತ್ರಿ ಊಟಕ್ಕೆ ಕೂತಾಗ ಅವಳೇ ಈ ಕಥೆ ಹೇಳಿ ನಗಿಸಿದ್ದಳು, ನಾನೂ ನಕ್ಕಿದ್ದೆ. ಇದನ್ನು ದಾನವ್ವನಿಗೆ ಹೇಳಬೇಕಿತ್ತು. ಹೇಳಲಿಲ್ಲ. ನಾನು ಹೇಡಿ. ಗ್ಲಾಸು ಕೆಳಗಿಟ್ಟು ಲೋಕಲ್ ಹಿಡಿಯಲು ಹೊರಟೆ.

ಆಕೆಯ ಜೊತೆಗಿದ್ದವನು ಮುದುಕ ಸಾಯಬಣ್ಣ ಒಬ್ಬನೇ. ಊರಲ್ಲಿ ಗಿಡ ಏರಿ ಸಿಂದಿ ಇಳಿಸುತ್ತಿದ್ದವನು ಮುಂಬೈಗೆ ಬಂದು ಸುತ್ತಿಗೆ ಹಿಡಿದಿದ್ದ. ದಿನಾ ಹೆಬ್ಬೆರಳು ಜಜ್ಜಿಕೊಳ್ಳುತ್ತಿದ್ದ. ದಾನವ್ವ ಅವನನ್ನು ನೋಡಿ, "ಗಿಡ ಏರೋ ಕೈಗೆ ಸುತ್ತಿಗಿ ಯಾಕೋ ಕಾಕಾ? ಅಲ್ಲಿ ನೋಡು ಗಿಡ" ಎಂದು ಈಚಲು ಮರಗಳ ಕಡೆ ಕೈ ತೋರಿಸಿದ್ದಳಂತೆ. ಹೋಟೆಲು ಹುಟ್ಟಿದ್ದು ಹಾಗೆ. ಮಳೆಗಾಲದಲ್ಲಿ ಗಿಡಗಳಿಗೆ ರಜೆ, ಹೋಟೆಲಿನಲ್ಲಿ ಬರೀ ಚಹಾ ಮತ್ತು ರೊಟ್ಟಿ.

ಎಪ್ಪತ್ತನೇ ಇಸವಿಯ ಜನವರಿ. ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಪೊಲೀಸರು ಗುಡ್ಡ ಹತ್ತಿ ಬಂದರು. ಒಬ್ಬ ಹೊಸ ಫೌಜದಾರ, ಇನ್ನೂ ಮೀಸೆ ಸರಿಯಾಗಿ ದಟ್ಟವಾಗದ ಮರಾಠಿ ಹುಡುಗ. ಹಿಂದೆ ಏದುಸಿರು ಬಿಡುವ ಹಳೆಯ ಹವಾಲ್ದಾರ. ಕಲ್ಲಿನ ಮೇಲಿದ್ದವರು ದಡದಡ ಎದ್ದು ಖಾಣಿಯ ಕಡೆ ಇಳಿದು ಓಡಿದರು. ನಾನು ಓಡಲಿಲ್ಲ. ಧೈರ್ಯ ಅಂದುಕೊಳ್ಳಬೇಡಿ, ಮಂಡಿ ನೋವು.

ಆ ಹುಡುಗ ಒಳ್ಳೆಯವನೇ. ಬಿಸಿಲಲ್ಲಿ ಹತ್ತಿ ಬಂದು ಸುಸ್ತಾಗಿದ್ದ. ಹನ್ನೆರಡು ಗಡಿಗೆ, ಒಬ್ಬ ಹೆಂಗಸು, ಇವನ್ನೆಲ್ಲ ಗುಡ್ಡ ಇಳಿಸುವ ಉಮೇದು ಅವನಿಗೆ ಇರಲಿಲ್ಲ. ಬೆತ್ತದ ತುದಿಯಿಂದ ಗೋಣಿಚೀಲ ಸರಿಸಿ, ಗಡಿಗೆ ತೋರಿಸಿ, ಏನಿದು ಎಂದು ಮರಾಠಿಯಲ್ಲಿ ಮೆತ್ತಗೆ ಕೇಳಿದ: "ಕಾಯ್ ಆಹೇ ಹೇ? ನೀರಾ?"

ಅವನು ಬಾಗಿಲು ತೆರೆದುಕೊಟ್ಟಿದ್ದ. ಮುಂಬೈಯಲ್ಲಿದ್ದವರಿಗೆ ನೀರಾ ಗೊತ್ತು. ಬೆಳಗಿನ ಜಾವ ಗಿಡದಿಂದ ಇಳಿಸಿದ, ಇನ್ನೂ ಹುಳಿಯದ ಸಿಹಿ ರಸ. ಸ್ಟೇಷನ್ನುಗಳಲ್ಲಿ ಸರಕಾರವೇ ಸ್ಟಾಲು ಹಾಕಿ ಮಾರುತ್ತಿತ್ತು. ಹೌದು ಎಂಬ ಒಂದೇ ಮಾತು ಸಾಕಿತ್ತು. ಎರಡು ಗಡಿಗೆ ಉರುಳಿಸಿ, ನಾಲ್ಕು ಮಾತು ಗದರಿಸಿ, ಇಳಿದು ಹೋಗುತ್ತಿದ್ದ.

ಆದರೆ ದಾನವ್ವನ ಮುಂಬೈ ಅಂದರೆ ಒಂದು ತಬೇಲಾ, ಒಂದು ಗುಡ್ಡ. ನೀರಾ ಸ್ಟಾಲಿನ ಮುಂದೆ ಆಕೆ ಎಂದೂ ನಿಂತವಳಲ್ಲ. ಆಕೆಗೆ ಕೇಳಿಸಿದ್ದು ಕನ್ನಡ. ಇದು ನೀರಾ ಎಂದು ಯಾರೋ ಅಪರಿಚಿತ ಆಕೆಯ ಹೋಟೆಲಿಗೇ ಬಂದು, ಆಕೆಯ ಗಡಿಗೆಗೇ ಕೋಲು ತೋರಿಸಿ ಕೇಳಿದ್ದ.

"ನೀರಾ?" ದಾನವ್ವ ಸೆರಗು ಸೊಂಟಕ್ಕೆ ಸಿಗಿಸಿದಳು. "ಯಾರಿಗಂತಿ ನೀರಾ ಅಂತ? ನಿಮ್ಮಪ್ಪ ಬಂದು ಹಾಕಿದ್ನೇನು ಇದರಾಗ ನೀರು? ಸಿಂದಿ ಐತಿ ಇದು, ಸಿಂದಿ! ಒಂದ ಹನಿ ನೀರ ಇತ್ತಂದ್ರ ನನ್ನ ನಾಲಿಗಿ ಕೊಯ್ಯಿ! ಹಿಡಿ, ಕುಡದ ನೋಡು!" ಎಂದು ಗ್ಲಾಸು ಅದ್ದಿ ತುಂಬಿಸಿ ಫೌಜದಾರನ ಮೂಗಿನ ಕೆಳಗೇ ಹಿಡಿದಳು.

ಹವಾಲ್ದಾರ ಹಣೆ ಚಚ್ಚಿಕೊಂಡ. ಸಿಂದಿ ಎಂಬ ಮಾತು ಮರಾಠಿಯವರಿಗೂ ತಿಳಿಯುತ್ತದೆ. ನೊರೆಯೂ ವಾಸನೆಯೂ ಮೂಗಿಗೇ ಬಂದಿವೆ, ಖಾಣಿಯ ದಂಡೆಯಲ್ಲಿ ಮಂದಿ ತಲೆ ಎತ್ತಿ ನೋಡುತ್ತಿದ್ದಾರೆ. ಪಾಪ ಆ ಹುಡುಗನಾದರೂ ಏನು ಮಾಡಬೇಕು? ದಾನವ್ವನ ಮೇಲೆ ಕೇಸು ಬರೆದ, ಕಾರಕೂನನೆಂದು ನನ್ನನ್ನು ಬಿಟ್ಟ. ಸಾಕ್ಷಿಗೆಂದು ಒಂದು ಗಡಿಗೆ ಎತ್ತಲು ಹವಾಲ್ದಾರ ಬಗ್ಗಿದಾಗ ದಾನವ್ವ ಅವನ ಕೈ ತಳ್ಳಿದಳು. "ಮುಟ್ಟಬ್ಯಾಡ, ಚೆಲ್ಲತಿ ನೀ." ತಾನೇ ಗಡಿಗೆಯನ್ನು ತಲೆಯ ಮೇಲಿಟ್ಟುಕೊಂಡು ಗುಡ್ಡ ಇಳಿದಳು. ಪೊಲೀಸರು ಅವಳ ಹಿಂದೆ ಹೋದರು.

ದಾನವ್ವ ಜಾಮೀನಿನ ಮೇಲೆ ಹೊರಬಂದಾಗ ನಾನು ಹೋಗಿ ವಿಷಯ ಬಿಡಿಸಿ ಹೇಳಿದೆ. ನೀರಾ ಅಂದರೆ ನೀರಲ್ಲ, ಅದು ಇಂಥದ್ದು, ಸರಕಾರವೇ ಮಾರುತ್ತದೆ ಎಂದು. ದಾನವ್ವ ಬಾಯಿ ತೆರೆದು ಕೇಳಿದಳು. ಆಮೇಲೆ ನಗಲು ಶುರು ಮಾಡಿದಳು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

"ಅಯ್ಯ ನನ್ನ ಶಿವನ! ಪಾಪ, ಆ ಹುಡುಗನ ಅಪ್ಪನ್ನ ಬೈದ್ನೆಲ್ಲಾ! ಎಂಥಾ ಖೋಡಿ ನಾ!"

"ನಕ್ಕದ್ದು ಸಾಕು. ಹವಾಲ್ದಾರ ನನಗ ಹೇಳ್ಯಾನ. ಕೋರ್ಟಿನ್ಯಾಗ ಸಾಹೇಬ್ರು ನೀರಾ ಏನು ಅಂತ ಕೇಳತಾರ. ಹೌದು ಅಂದ್ಬಿಡು. ಬುದ್ಧಿ ಹೇಳಿ ಬಿಡತಾರ. ಇಲ್ಲಂದ್ರ ಜೇಲು, ಮತ್ತ ಈ ಹೋಟೆಲೂ ಕಿತ್ತ ಹಾಕತಾರ."

ಅವಳ ನಗು ನಿಂತಿತು. "ಕೋರ್ಟಿಗೆ ಯಾರ್ಯಾರ ಬರತಾರ?"

"ಖಾಣಿ ಮಂದಿ ಎಲ್ಲಾ ಬರತೀವಿ ಅನ್ನಾಕತ್ತಾರ."

"ಅವರೆಲ್ಲಾರಿಗೂ ಈ ಮರಾಠಿ ನೀರಾ ತಿಳಿತೈತೇನ್ರೀ? ದಾನವ್ವ ಸಾಹೇಬನ ಮುಂದ ನಿಂತು ಹೌದ್ರಿ ನೀರು ಅಂದ್ಲು ಅಂತಾರ. ನಾಳೆ ಗುಡ್ಡ ತುಂಬ ನೀರವ್ವ ಆಕ್ಕೀನಿ."

"ನಾ ಎಲ್ಲಾರಿಗೂ ತಿಳಿಸಿ ಹೇಳತೀನಿ."

"ಎಷ್ಟ ಮಂದಿಗೆ ಹೇಳತೀರಿ ಸಾಹೇಬ್ರ? ಹೆಸರ ಕೆಡಸಾಕ ಒಂದ ಮಾತ ಸಾಕು, ಅದನ್ನ ತೊಳ್ಯಾಕ ಊರ ತುಂಬ ತಿರಗಬೇಕು. ನಾ ತಿರಗೇನಿ. ನನಗ ಗೊತ್ತೈತಿ."

ನಾನು ಸಿಟ್ಟಿಗೆದ್ದು ಬಂದೆ. ಹಟಮಾರಿ ಹೆಂಗಸು, ಹಾಳಾಗಿ ಹೋಗಲಿ ಎಂದು ಲೋಕಲ್‌ನಲ್ಲಿ ದಾದರಿನವರೆಗೂ ಗೊಣಗಿದೆ. ಆದರೆ ಸಿಟ್ಟಿಗಿಂತ ನಾಚಿಕೆ ಹೆಚ್ಚಾಗಿತ್ತು. ಆ ಹೆಸರು ನಮ್ಮ ಮನೆಯ ಮೆಟ್ಟಿಲ ಮೇಲೆ ಹುಟ್ಟಿದ್ದು. ಅದಕ್ಕಾಗಿ ಈಕೆ ಜೇಲಿಗೆ ಹೋಗಬಾರದು, ಹೇಗಾದರೂ ಮಾಡಿ ಬಿಡಿಸಬೇಕು ಎಂದು ನಿರ್ಧರಿಸಿದೆ.

ಕೇಸಿನ ದಿನ ರಜೆ ಹಾಕಿ ಹೋದೆ. ಕನ್ನಡದ ಮಾತು ತಿಳಿಸಿ ಹೇಳುವವರು ಕೋರ್ಟಿನಲ್ಲಿ ಇರಲಿಲ್ಲ. ನಾನು ಮುಂದೆ ಬಂದೆ, ಮ್ಯಾಜಿಸ್ಟ್ರೇಟ್ ಸಾಹೇಬರು ಒಪ್ಪಿದರು. ದಪ್ಪ ಕನ್ನಡಕದ, ದಣಿದ ಮುಖದ ಹಿರಿಯರು. ಹಿಂದಿನ ಬೆಂಚುಗಳಲ್ಲಿ, ಗೋಡೆಯ ಬದಿಗೆ, ಬಾಗಿಲಿನ ಹೊರಗೆ ಖಾಣಿಯ ಮಂದಿ ಕಲ್ಲಿನ ಪುಡಿ ಮೆತ್ತಿದ ಬಟ್ಟೆಯಲ್ಲೇ ನಿಂತಿದ್ದರು. ಅವತ್ತು ಯಾರೂ ಕೆಲಸಕ್ಕೆ ಹೋಗಿರಲಿಲ್ಲ.

ಸಾಹೇಬರು ಕಾಗದ ನೋಡಿ, ನನ್ನ ಕಡೆ ತಿರುಗಿ ಮರಾಠಿಯಲ್ಲಿ ಕೇಳಿದರು. ಗಡಿಗೆಗಳಲ್ಲಿ ಏನಿತ್ತು ಎಂದು ಆಕೆಯನ್ನು ಕೇಳಿ ಹೇಳು.

ನಾನು ಕನ್ನಡದಲ್ಲಿ ಕೇಳಿದೆ. ದಾನವ್ವ ನೆಟ್ಟಗೆ ನಿಂತು ಹೇಳಿದಳು, "ಸಿಂದಿ ಐತ್ರಿ ಸಾಹೇಬ್ರ."

ನಾನು ಒಂದು ಕ್ಷಣ ಕಣ್ಣು ಮುಚ್ಚಿ, ಸಾಹೇಬರಿಗೆ ಹೇಳಿದೆ: "ನೀರಾ ಹೋತೀ, ಸಾಹೇಬ."

ನಾನು ಎಂಥ ಮೂರ್ಖ ನೋಡಿ. ಮರಾಠಿಯಲ್ಲಿ ಬೇರೆ ಯಾವ ಸುಳ್ಳು ಹೇಳಿದ್ದರೂ ಆಕೆಗೆ ತಿಳಿಯುತ್ತಿರಲಿಲ್ಲ. ಇಡೀ ಮರಾಠಿಯಲ್ಲಿ ಆಕೆಗೆ ಚೆನ್ನಾಗಿ ತಿಳಿದಿದ್ದ ಮಾತು ಅದೊಂದೇ. ಅದನ್ನು ಕಲಿಸಿದವನೂ ನಾನೇ.

"ಏನಂದಿ?" ಅಲ್ಲಿಯವರೆಗೂ ರೀ ಹಚ್ಚಿ ಮಾತಾಡುತ್ತಿದ್ದವಳು ಏಕವಚನಕ್ಕೆ ಇಳಿದಿದ್ದಳು. "ಏನಂದಿ ನೀ? ಸುಳ್ಳ ಬೊಗಳತಿ? ನನ್ನ ಬಾಯಾಗಿನ ಮಾತ ಕಸಗೊಂಡ ಅದಕ್ಕ ನೀರ ಹಾಕತಿ?" ಆಮೇಲೆ ಕಟಕಟೆಯನ್ನು ಹಿಡಿದು ಮುಂದಕ್ಕೆ ಬಾಗಿ, ತನಗೆ ಬಂದಷ್ಟು ಹಿಂದಿಯಲ್ಲಿ ಸಾಹೇಬರಿಗೇ ಹೇಳಿದಳು: "ನೀರಾ ನಹೀ, ಸಾಬ್! ಪಾನೀ ನಹೀ! ಸಿಂದಿ! ಏಕ್ ನಂಬರ್ ಸಿಂದಿ! ಯೇ ಆದ್ಮೀ ಝೂಟ್ ಬೋಲ್ತಾ!"

ಹಿಂದಿನಿಂದ ಸಾಯಬಣ್ಣ ಜೋರಾಗಿ "ಹೌದ್ರಿ ಸಾಹೇಬ್ರ, ನಾನ ಇಳಿಸೀನಿ" ಅಂದ. ಯಾರೋ ಅವನ ಬಾಯಿ ಮುಚ್ಚಿದರು. ಸಾಹೇಬರು ಕನ್ನಡಕ ತೆಗೆದು ದಾನವ್ವನನ್ನು ನೋಡಿದರು. ಇಷ್ಟು ವರ್ಷದಲ್ಲಿ ಈ ಕೋರ್ಟಿನಲ್ಲಿ ನಿಜ ಹೇಳಲು ಇಷ್ಟು ಜಗಳವಾಡಿದವರು ಯಾರೂ ಇಲ್ಲ ಎಂದು ಗುಮಾಸ್ತನಿಗೆ ಹೇಳಿದರು. ಆದರೂ ಕಾನೂನು ಕಾನೂನೇ. ಹದಿನೈದು ದಿನ ಸಾದಾ ಕೈದು. ನನಗೆ ಎರಡು ಕಟು ಮಾತು ಹೇಳಿ ಹೊರಗೆ ಕಳಿಸಿದರು, ನನಗೆ ಅದು ತಕ್ಕದ್ದೇ ಆಗಿತ್ತು.

ವ್ಯಾನು ಹತ್ತುವಾಗ ದಾನವ್ವ ನನ್ನ ಕಡೆ ನೋಡಲಿಲ್ಲ. ಖಾಣಿಯ ಹೆಂಗಸರಿಗೆ ಮಾತ್ರ ಕೂಗಿ ಹೇಳಿದಳು, "ಅಳಬ್ಯಾಡ್ರೇ! ಕಳವ ಮಾಡಿಲ್ಲ, ನೀರ ಹಾಕಿಲ್ಲ. ಹೋಗಿ ಬರತೀನಿ."

ಮೂರನೇ ದಿನ ಹೋಟೆಲು ಕಿತ್ತರು. ತಗಡು, ಬಿದಿರು ಎಲ್ಲವನ್ನೂ ಖಾಣಿಯ ಮಂದಿ ಮೊದಲೇ ಹೊತ್ತೊಯ್ದು ತಮ್ಮ ಜೋಪಡಿಗಳ ಹಿಂದೆ ಅಡಗಿಸಿದ್ದರು. ಕಲ್ಲಿನ ಬೆಂಚುಗಳನ್ನು ಯಾರಿಗೂ ಎತ್ತಲಾಗಲಿಲ್ಲ. ಸಾಯಬಣ್ಣ ಎಲ್ಲ ಗಡಿಗೆಗಳನ್ನು ಬೋರಲು ಹಾಕಿದ. ಎಷ್ಟು ಜನ ಬೇಡಿಕೊಂಡರೂ ಒಂದು ಹನಿ ಇಳಿಸಲಿಲ್ಲ.

ಇನ್ನು ಮನೆಯ ಮಾತು. ನನ್ನ ಶನಿವಾರಗಳ ವಾಸನೆ ಶೀಲಾವತಿಗೆ ತಿಳಿಯದ್ದೇನಲ್ಲ. ನಮ್ಮದು ಕೊರಳಲ್ಲಿ ಲಿಂಗ ಕಟ್ಟಿದ ಮನೆ. ಎರಡು ವರ್ಷ ಅವಳು ಆ ದಿನ ನನ್ನ ತಟ್ಟೆಯನ್ನು ದೂರಕ್ಕೆ ಸರಿಸಿ ಬಡಿಸುತ್ತಿದ್ದಳು, ಮಾತಾಡುತ್ತಿರಲಿಲ್ಲ. ಕೋರ್ಟಿನಿಂದ ಬಂದ ಸಂಜೆ ಅವಳಿಗೆ ಎಲ್ಲವನ್ನೂ ಹೇಳಿದೆ. ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು.

"ಹಾಲಿನ ದಾನವ್ವನೇನು? ಹಲ್ಲ ಮುರದಾಕಿ?"

"ಅಕೀನ."

"ಆ ಹೆಸರ ಇಟ್ಟಾಕಿ ನಾನ."

"ಗೊತ್ತು."

"ಮಾಲಕ ನೀರ ಹಾಕತಿದ್ದ ಅಂತ ನಮಗೇನ ಕನಸ ಬಿದ್ದಿತ್ತೇನು?" ಎಂದು ರೇಗಿದಳು. ಹಿಟ್ಟಿನ ಕೈ ಒರೆಸಿಕೊಂಡು, "ಕೇಳಬೇಕಾಗಿತ್ತು" ಅಂದಳು. ತವೆಯ ಮೇಲಿನ ರೊಟ್ಟಿ ಸೀದುಹೋಯಿತು.

ದಾನವ್ವ ಬಿಡುಗಡೆಯಾದ ವಾರದ ಶನಿವಾರ ನಾನು ಡ್ಯೂಟಿ ಮುಗಿಸಿ ಫ್ಯಾಕ್ಟರಿಯಿಂದ ಹೊರಬಂದರೆ, ಗೇಟಿನ ಎದುರು ಶೀಲಾವತಿ ನಿಂತಿದ್ದಳು. ಒಬ್ಬಳೇ ಲೋಕಲ್ ಹತ್ತಿ ಬಂದಿದ್ದಳು, ಮದುವೆಗೆ ಉಡುವ ಇಳಕಲ್ ಸೀರೆಯಲ್ಲಿ.

"ನಡೀರಿ. ಗುಡ್ಡ ತೋರಸ್ರಿ" ಅಂದಳು.

ಹೋಟೆಲು ಆಗಲೇ ಎದ್ದು ನಿಂತಿತ್ತು. ಅದೇ ಬಿದಿರು, ಅದೇ ತಗಡು, ಅದೇ ಜಾಗ. ಬೆಂಚುಗಳು ತುಂಬಿದ್ದವು. ಇಳಕಲ್ ಸೀರೆಯ ಗೃಹಿಣಿಯನ್ನು ನೋಡಿ ಎಲ್ಲರೂ ಗ್ಲಾಸುಗಳನ್ನು ಬೆನ್ನ ಹಿಂದೆ ಅಡಗಿಸಿದರು. ದಾನವ್ವ ಸೆರಗಿಗೆ ಕೈ ಒರೆಸಿಕೊಂಡು ಎದುರಿಗೆ ಬಂದಳು.

"ಬರ್ರಿ ಬಾಯಾರ. ಎಂಟ ವರ್ಷ ಆತು ನಿಮ್ಮನ್ನ ನೋಡಿ."

ನಾನು ಕಕ್ಕಾಬಿಕ್ಕಿಯಾದೆ. "ಈಕಿ ಯಾರಂತ ನಿನಗ..."

"ನೀವು ಯಾರಂತನೂ ಮೊದಲನೇ ಶನಿವಾರನ ಗೊತ್ತಿತ್ರಿ. ನಾ ಹಾಲ ತಂದಾಗ ನೀವು ಬಾಗಲದಾಗ ಕುಂತು ಪೇಪರ ಓದತಿದ್ರಿ. ನೀವು ತಲಿ ಎತ್ತಿ ನನ್ನ ನೋಡಿಲ್ಲ. ನಾ ನೋಡೀನಿ."

ಖಂಡಪ್ಪನನ್ನಾಗಲಿ ಬೇರೆ ಯಾರನ್ನಾಗಲಿ ದಾನವ್ವ ಎಂದೂ 'ನೀರೈತೇನ್ರೀ' ಎಂದು ಕೇಳಿರಲಿಲ್ಲ ಎಂಬುದು ಆಗ ನನಗೆ ಹೊಳೆಯಿತು. ಎರಡು ವರ್ಷ ಶನಿವಾರ ಶನಿವಾರ ನನ್ನೊಬ್ಬನ ಎದುರಿಗೇ ನಿಂತು ಕೇಳಿದ್ದಳು. ನಮ್ಮ ಮನೆಗೆ ಉತ್ತರ ಕಳಿಸುತ್ತಿದ್ದಳು, ನಾನು ಅದನ್ನು ಮುಟ್ಟಿಸಿರಲಿಲ್ಲ.

ಶೀಲಾವತಿ ತಪ್ಪಾಯಿತು ಎನ್ನಲಿಲ್ಲ. ಅವಳ ಬಾಯಲ್ಲಿ ಆ ಮಾತು ಬರುವುದಿಲ್ಲ, ನನಗೆ ಗೊತ್ತು. ಕಲ್ಲಿನ ಮೇಲೆ ಕೂತು ಕೈ ಚಾಚಿದಳು. "ಬಾವಿ ಗಿಡದ್ದ ಛಲೋ ಇರತದಂತ. ಕೊಡು."

ದಾನವ್ವ ಅವಳ ಕೊರಳಿನ ಕಡೆ ಒಮ್ಮೆ ನೋಡಿ, "ಬ್ಯಾಡ್ರಿ ಬಾಯಾರ. ನೀವು ಬಂದದ್ದ ಸಾಕು" ಅಂದಳು.

"ಕೊಡು ಅಂದ್ನೆಲ್ಲ. ಬರೇ ನೋಡಿದ್ರ ತಿಳೀತದೇನು? ಆವತ್ತ ಹಾಲನ್ನ ಕುಡದ ನೋಡಿನೇ ಸುರುವಿದ್ದೆ."

ದಾನವ್ವ ಗ್ಲಾಸು ತುಂಬಿಸಿ ಕೊಟ್ಟಳು. ಹುಟ್ಟಿದಾಗಿನಿಂದ ಇಂಥದ್ದನ್ನು ಮೂಸಿಯೂ ನೋಡದ ನನ್ನ ಹೆಂಡತಿ, ಮೂವತ್ತು ಕಲ್ಲು ಒಡೆಯುವವರ ಮುಂದೆ, ಕಣ್ಣು ಮುಚ್ಚಿಕೊಂಡು ಗಟಗಟ ಕುಡಿದಳು. ಮುಖ ಕಿವುಚಿತು, ಕೆಮ್ಮು ಬಂತು, ಆದರೆ ನಿಲ್ಲಿಸಲಿಲ್ಲ. ದಾನವ್ವ ಸೊಂಟದ ಮೇಲೆ ಎರಡೂ ಕೈ ಇಟ್ಟು ತಳ ಕಾಣುವವರೆಗೂ ಎದುರೇ ನಿಂತಿದ್ದಳು.

"ನೀರೈತೇನ್ರೀ?"

ಶೀಲಾವತಿ ಸೆರಗಿನಿಂದ ತುಟಿ ಒರೆಸಿಕೊಂಡು ಎದ್ದು ನಿಂತಳು. ಅಂದು ಮೆಟ್ಟಿಲ ಮೇಲೆ ಕೂಗಿದ್ದಳಲ್ಲ, ಅದೇ ದನಿಯಲ್ಲಿ, ಖಾಣಿಯ ತಳದಲ್ಲಿದ್ದವರಿಗೂ ಕೇಳುವಂತೆ ಹೇಳಿದಳು: "ಇಲ್ಲ ದಾನವ್ವಾ! ಒಂದ ಹನೀನೂ ಇಲ್ಲ!"

ದಾನವ್ವ ಗ್ಲಾಸು ಇಸಿದುಕೊಂಡು ತೊಳೆದು, ಅದರಲ್ಲೇ ನನಗೂ ಹಾಕಿ ಕೊಟ್ಟಳು. ಕೊಟ್ಟವಳು ಎದುರು ನಿಲ್ಲದೆ ರೊಟ್ಟಿ ಬಡಿಯಲು ಹೋದಳು. ಆಮೇಲೆ ಏಳು ವರ್ಷ ನಾನು ಆ ಗುಡ್ಡ ಹತ್ತಿದೆ, ಆಕೆ ಮತ್ತೆ ನನ್ನನ್ನು ಆ ಪ್ರಶ್ನೆ ಕೇಳಲಿಲ್ಲ.